ಬರೆದಾದ ಮೇಲೆ: ಕಾದಂಬರಿ ತಿದ್ದುವ ಬಗೆ, ಕೈಬಿಡುವ ಹೊತ್ತು

ಮೊದಲ ಕಾದಂಬರಿಯ ಕೊನೆಯ ಸಾಲು ಬರೆದು, ಕೆಳಗೆ ತಾರೀಖು ಹಾಕಿ, ಹಾಳೆಗಳನ್ನು ಕಟ್ಟಿ ಬೀರುವಿನಲ್ಲಿಟ್ಟವರು ನಮ್ಮ ಸಣ್ಣ ಊರುಗಳಲ್ಲಿ ಅನೇಕರಿದ್ದಾರೆ. ಶಾಲೆಯ ಮೇಷ್ಟ್ರು, ಅಂಗನವಾಡಿ ಕಾರ್ಯಕರ್ತೆ, ಹಾಲಿನ ಡೇರಿಯ ಕಾರ್ಯದರ್ಶಿ, ನಿವೃತ್ತ ಗುಮಾಸ್ತರು. ಬರೆಯುವಾಗ ಇದ್ದ ಹುಮ್ಮಸ್ಸು ತಿದ್ದುವಾಗ ಇರುವುದಿಲ್ಲ. ಎಲ್ಲಿಂದ ಹಿಡಿಯಬೇಕು ಎಂದೇ ತಿಳಿಯದೆ ಕೆಲವರು ಮೊದಲ ಅಧ್ಯಾಯವನ್ನು ವರ್ಷಗಟ್ಟಲೆ ಉಜ್ಜುತ್ತಾರೆ. ಇನ್ನು ಕೆಲವರು ಕಾಗುಣಿತವನ್ನಷ್ಟೇ ನೋಡಿ ನೇರ ಅಚ್ಚಿಗೆ ಕೊಟ್ಟುಬಿಡುತ್ತಾರೆ. ಎರಡರಲ್ಲೂ ಕಾದಂಬರಿಗೇ ನಷ್ಟ.

ಈ ಬರಹ ಅಂಥವರಿಗಾಗಿ. ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ಹಸ್ತಪ್ರತಿಯನ್ನು ಕಲ್ಪಿಸಿಕೊಳ್ಳೋಣ. ಕೊರಟಗೆರೆ ತಾಲ್ಲೂಕಿನ ಕೊಳಾಲ ಹೋಬಳಿಯ ಒಂದು ಹಳ್ಳಿ. ಅಣ್ಣ ಬೆಂಗಳೂರಿನ ಪೀಣ್ಯದಲ್ಲಿ ಕಾರ್ಖಾನೆ ಸೇರಿದ್ದಾನೆ. ತಮ್ಮ ಊರಲ್ಲೇ ಉಳಿದು ರಾಗಿ, ಕಡಲೆಕಾಯಿ ಬೆಳೆಯುತ್ತಾನೆ. ಇಬ್ಬರ ನಡುವೆ ತಾಯಿ ತಿಮ್ಮಕ್ಕ. ಅಪ್ಪ ಬಿಟ್ಟುಹೋದ ಹುಣಸೆ ತೋಪು ಪಾಲಾಗಬೇಕಿದೆ. ಮೂವತ್ತು ಅಧ್ಯಾಯ, ಕೈಬರಹದಲ್ಲಿ ನಾನೂರು ಪುಟ. ಬರೆದವರಿಗೆ ಇದು ತಮ್ಮ ಮನಸ್ಸಿನಲ್ಲಿರುವ ದೊಡ್ಡ ಕಾದಂಬರಿಯಂತೆಯೇ ಕಾಣುತ್ತದೆ. ಓದುವವರಿಗೆ ಸಿಗುವುದು ಹಾಳೆಯ ಮೇಲಿರುವಷ್ಟೇ. ತಿದ್ದುವ ಕೆಲಸವೆಲ್ಲ ಈ ಎರಡರ ನಡುವಿನ ದೂರವನ್ನು ಕಂಡುಕೊಳ್ಳುವುದರಲ್ಲಿದೆ. ಯಾವಾಗ ನಿಲ್ಲಿಸಬೇಕು ಎಂಬ ಪ್ರಶ್ನೆಗೂ ಉತ್ತರ ಅಲ್ಲೇ ಸಿಗುತ್ತದೆ.

ಮೊದಲು ಕಟ್ಟಿಡಿ, ಆಮೇಲೆ ಒಂದೇ ಉಸಿರಿಗೆ ಓದಿ

ಬರೆದ ತಕ್ಷಣ ತಿದ್ದಬೇಡಿ. ಕನಿಷ್ಠ ಒಂದೂವರೆ ತಿಂಗಳು, ಸಾಧ್ಯವಾದರೆ ಮೂರು ತಿಂಗಳು ಹಸ್ತಪ್ರತಿಯ ಮುಖ ನೋಡಬೇಡಿ. ಇಡುವ ಮೊದಲು ಒಂದು ಝೆರಾಕ್ಸ್ ಪ್ರತಿ ಮಾಡಿಸಿ ಬೇರೆ ಮನೆಯಲ್ಲಿಡಿ. ಕಂಪ್ಯೂಟರಿನಲ್ಲಿ ಬರೆದಿದ್ದರೆ ಕಡತವನ್ನು ನಿಮ್ಮದೇ ಮಿಂಚಂಚೆಗೆ ಕಳಿಸಿಕೊಳ್ಳಿ. ಒಂದೇ ಪ್ರತಿಯನ್ನು ನಂಬಿ ಕೂರುವ ಧೈರ್ಯ ಯಾರಿಗೂ ಬೇಡ.

ತೆಗೆದ ದಿನ ಪೆನ್ನು ಹಿಡಿಯದೆ ಓದಿ. ಎರಡು ಮೂರು ದಿನಗಳಲ್ಲಿ ಪೂರ್ತಿ ಮುಗಿಯಬೇಕು. ಬೇಸರವಾದಲ್ಲಿ, ಗೊಂದಲವಾದಲ್ಲಿ, ಮನಸ್ಸು ತುಂಬಿಬಂದಲ್ಲಿ ಅಂಚಿನಲ್ಲಿ ಒಂದು ಸೀಸದಕಡ್ಡಿಯ ಗೆರೆ ಸಾಕು. ತಪ್ಪಕ್ಷರ ಕಂಡರೂ ಬಿಟ್ಟು ಮುಂದೆ ಹೋಗಿ. ಸಾಲು ತಿದ್ದಲು ಕೂತ ಕಣ್ಣಿಗೆ ಅಧ್ಯಾಯ ಕಾಣುವುದಿಲ್ಲ. ನಾಳೆ ಇಡೀ ಅಧ್ಯಾಯವನ್ನೇ ತೆಗೆಯಬೇಕಾಗಿ ಬಂದರೆ ಇವತ್ತು ಅದರ ಸಾಲುಗಳಿಗೆ ಕೊಟ್ಟ ಶ್ರಮವೆಲ್ಲ ವ್ಯರ್ಥ. ಅದಕ್ಕಿಂತ ಕೆಟ್ಟದ್ದೆಂದರೆ, ಅಷ್ಟು ಶ್ರಮಪಟ್ಟ ಕಾರಣಕ್ಕೇ ಆ ಅಧ್ಯಾಯವನ್ನು ತೆಗೆಯಲು ಕೈ ಬಾರದಿರುವುದು.

ಓದಿ ಮುಗಿಸಿದ ರಾತ್ರಿಯೇ ಅರ್ಧ ಪುಟ ಬರೆಯಿರಿ: ಈ ಹಾಳೆಗಳಲ್ಲಿ ಯಾರ ಕತೆ ಇದೆ? ಅವರಿಗೆ ಏನು ಬೇಕಿತ್ತು, ಏನು ಸಿಕ್ಕಿತು? ನಮ್ಮ ಕೊಳಾಲದ ಕಾದಂಬರಿಯನ್ನು ಬರೆದವರು ಅದನ್ನು ಅಣ್ಣತಮ್ಮಂದಿರ ಜಗಳ ಎಂದುಕೊಂಡು ಬರೆದಿರಬಹುದು. ಓದಿ ನೋಡಿದರೆ ಪುಟಗಳು ಬಿಸಿಯಾಗುವುದು ತಿಮ್ಮಕ್ಕ ಬಂದಾಗ ಮಾತ್ರ. ಹಾಗಿದ್ದರೆ ಅದು ತಿಮ್ಮಕ್ಕನ ಕಾದಂಬರಿ. ಇದನ್ನು ಒಪ್ಪಿಕೊಳ್ಳಲು ಕಷ್ಟವಾಗುತ್ತದೆ, ಏಕೆಂದರೆ ಯೋಜನೆಯಲ್ಲಿ ಅವಳಿಗೆ ಅಷ್ಟು ಜಾಗ ಇರಲಿಲ್ಲ. ಆದರೆ ಹಾಳೆಯ ಮಾತನ್ನೇ ನಂಬಿ.

ಮಳೆಯ ಲೆಕ್ಕ

ಎರಡನೆಯ ಓದಿಗೆ ಒಂದು ಉದ್ದ ನೋಟ್‌ಬುಕ್ ಬೇಕು. ಒಂದು ಅಧ್ಯಾಯಕ್ಕೆ ಒಂದು ಸಾಲು. ನಾಲ್ಕು ಮನೆ ಗೆರೆ ಎಳೆಯಿರಿ: ಯಾರು ಇದ್ದಾರೆ, ಎಲ್ಲಿ, ಯಾವಾಗ, ಅಧ್ಯಾಯ ಶುರುವಾದಾಗ ಇಲ್ಲದ್ದು ಮುಗಿಯುವಾಗ ಏನು ಬಂತು. ಕೊನೆಯ ಮನೆ ಖಾಲಿ ಉಳಿದ ಅಧ್ಯಾಯಗಳನ್ನು ಕೆಂಪು ಶಾಯಿಯಲ್ಲಿ ಗುರುತಿಸಿ. ಅವು ಹೋಗಬೇಕು, ಇಲ್ಲವೇ ಪಕ್ಕದ ಅಧ್ಯಾಯದೊಳಗೆ ಸೇರಿಕೊಳ್ಳಬೇಕು. ಬಹುತೇಕ ಮೊದಲ ಕಾದಂಬರಿಗಳಲ್ಲಿ ಹೀಗೆ ಖಾಲಿ ಉಳಿಯುವುದು ಮೊದಲ ಎರಡು ಮೂರು ಅಧ್ಯಾಯಗಳು. ಊರಿನ ವರ್ಣನೆ, ಮನೆತನದ ಇತಿಹಾಸ, ಕೆರೆ, ಗುಡಿ, ತಾತನ ಮುತ್ತಾತನ ಸಾಹಸ. ಬರೆಯುವವರಿಗೆ ಊರೊಳಗೆ ಕಾಲಿಡಲು ಇದೆಲ್ಲ ಬೇಕಿತ್ತು. ಓದುವವರಿಗೆ ಬೇಕಾದದ್ದು ಆಮೇಲೆ, ಬೇಕಾದಷ್ಟೇ ಸಿಕ್ಕರೆ ಸಾಕು. ಕೊಳಾಲದ ಕಾದಂಬರಿ ನಾಲ್ಕನೆಯ ಅಧ್ಯಾಯದಲ್ಲಿ, ಅಣ್ಣ ಯುಗಾದಿಗೆ ಬಂದವನು ಹುಣಸೆ ಮರಗಳನ್ನು ಎಣಿಸಲು ಹೊರಡುವಲ್ಲಿ ನಿಜವಾಗಿ ಶುರುವಾಗಿದ್ದರೆ, ಮೊದಲ ಮೂರನ್ನು ಎತ್ತಿ ಬೇರೆ ಕವರಿನಲ್ಲಿಡಿ. ಹರಿದು ಬಿಸಾಡಬೇಡಿ. ಅದರಲ್ಲಿನ ಹತ್ತು ಸಾಲು ಮುಂದೆಲ್ಲೋ ಕೆಲಸಕ್ಕೆ ಬರುತ್ತದೆ.

'ಯಾವಾಗ' ಎಂಬ ಮನೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಬಯಲುಸೀಮೆಯ ಕಾದಂಬರಿಗೆ ಇಂಗ್ಲಿಷ್ ತಿಂಗಳಿಗಿಂತ ಮಳೆ ನಕ್ಷತ್ರದ ಲೆಕ್ಕ ಹೆಚ್ಚು ನಿಖರ. ರೋಹಿಣಿ ಮೇ ಕೊನೆಯ ವಾರದಲ್ಲಿ, ಮೃಗಶಿರ ಜೂನ್ ಎರಡನೆಯ ವಾರದಲ್ಲಿ, ಆರಿದ್ರಾ ಜೂನ್ ಇಪ್ಪತ್ತೆರಡರ ಹೊತ್ತಿಗೆ. ಹೀಗೆ ಸುಮಾರು ಹದಿನಾಲ್ಕು ದಿನಕ್ಕೊಂದು. ಒಂದೊಂದು ದೃಶ್ಯದ ಎದುರೂ ಮಳೆಯ ಹೆಸರು ಬರೆದುಕೊಂಡು ಹೋಗಿ, ತಪ್ಪುಗಳು ತಾವಾಗಿ ಎದ್ದು ನಿಲ್ಲುತ್ತವೆ. ತಮ್ಮ ರಾಗಿ ಕುಯ್ಯುತ್ತಿದ್ದಾನೆ ಎಂದರೆ ಅದು ಕಾರ್ತಿಕದ ಚಳಿ ಹಿಡಿಯುವ ಕಾಲ. ಅದೇ ದಿನ ಮರದಡಿ ಹುಣಸೆಹಣ್ಣು ಬಡಿಯುತ್ತಿದ್ದಾರೆ ಎಂದು ಬರೆದಿದ್ದರೆ ಕೆಟ್ಟಿತು; ಹುಣಸೆ ಬಡಿಯುವುದು ಶಿವರಾತ್ರಿಯ ಆಸುಪಾಸಿನಿಂದ ಬೇಸಿಗೆಯವರೆಗೆ. ಅವರೆಕಾಯಿಯ ಸೊಗಡು ಬರುವುದು ಡಿಸೆಂಬರ್, ಜನವರಿಯಲ್ಲಿ. ಬೆಂಗಳೂರಿನ ಓದುಗರು ಇದನ್ನು ಗಮನಿಸದೇ ಹೋಗಬಹುದು. ತೋವಿನಕೆರೆಯ ಓದುಗರು ಪುಸ್ತಕ ಮಡಚಿಡುತ್ತಾರೆ, ಆಮೇಲೆ ನೀವು ಹೇಳುವ ದೊಡ್ಡ ನೋವನ್ನೂ ನಂಬುವುದಿಲ್ಲ.

ಇಸವಿಗಳನ್ನೂ ಇದೇ ಪಟ್ಟಿಯಲ್ಲಿ ಹಾಕಿ. 1968ರ ದೃಶ್ಯದಲ್ಲಿ 'ಕರ್ನಾಟಕ ಸರ್ಕಾರ' ಬರುವಂತಿಲ್ಲ. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಗೇಣಿದಾರನ ಹೆಸರಿಗೆ ಜಮೀನು ಆಗುವ ಪ್ರಸಂಗವಿದ್ದರೆ ಭೂಸುಧಾರಣೆಯ ತಿದ್ದುಪಡಿ ಜಾರಿಯಾದ 1974ರ ಮಾರ್ಚ್ 1 ನೆನಪಿರಲಿ. ಸಾರಾಯಿ ಅಂಗಡಿಯ ಮುಂದೆ ಜಗಳ ಆಗುವುದಾದರೆ ಅದು 2007ರ ಜುಲೈಗೆ ಮೊದಲು ಆಗಬೇಕು, ಆ ತಿಂಗಳಿನಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಮದುವೆಗೆ ಕೊಡುವ ಸಾವಿರದ ಹಳೆಯ ನೋಟು 2016ರ ನವೆಂಬರ್ 8ರ ನಂತರ ನಡೆಯುವುದಿಲ್ಲ. ತಿಮ್ಮಕ್ಕನ ಮಗಳನ್ನು ಪಾವಗಡದ ತಿರುಮಣಿ ಕಡೆಗೆ ಕೊಟ್ಟಿದ್ದರೆ, ಅವಳ ಹೊಲ 2010ರಲ್ಲಿ ಒಂದು ಬಗೆ, 2020ರಲ್ಲಿ ಇನ್ನೊಂದು ಬಗೆ. ನಡುವೆ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ವಿದ್ಯುತ್ ಪಾರ್ಕ್ ಎದ್ದಿದೆ, ಜಮೀನು ಗುತ್ತಿಗೆಗೆ ಹೋಗಿದೆ. ಮಗಳ ಮನೆಗೆ ವರ್ಷಕ್ಕೊಮ್ಮೆ ಗುತ್ತಿಗೆ ಹಣ ಬರುವುದು, ತಮ್ಮನ ಮನೆಯಲ್ಲಿ ಮಳೆ ಕೈಕೊಡುವುದು, ಇವೆರಡೂ ಒಂದೇ ಅಧ್ಯಾಯದಲ್ಲಿ ಎದುರುಬದುರಾದರೆ ಹುಣಸೆ ತೋಪಿನ ಜಗಳಕ್ಕೆ ಹೊಸ ಕಾರಣವೇ ಸಿಕ್ಕಬಹುದು. ಇಸವಿ ಸರಿಮಾಡಲು ಕೂತವರಿಗೆ ಕತೆಯ ಒಂದು ಕೊಂಡಿ ಸಿಗುವುದು ಹೀಗೆ.

ಕೊನೆ ಗೊತ್ತಿದ್ದರೂ ಓದಿಸಿಕೊಳ್ಳಬೇಕು

ಈ ಸೀಮೆಗೆ ಅಂಟಿಕೊಂಡಿರುವ ಚಿತ್ರದುರ್ಗದ ಕಡೆ ನೋಡಿದರೆ ಒಂದು ದೊಡ್ಡ ಪಾಠವಿದೆ. ಚಳ್ಳಕೆರೆ ತಾಲ್ಲೂಕಿನ ತಳುಕಿನವರಾದ ತ.ರಾ.ಸು. ದುರ್ಗದ ಪಾಳೆಯಗಾರರ ಕತೆಯನ್ನು ಹಲವು ಕಾದಂಬರಿಗಳಲ್ಲಿ ಬರೆದರು. ಅದರ ಕೊನೆಯಾದ 'ದುರ್ಗಾಸ್ತಮಾನ' ಬಂದದ್ದು 1982ರಲ್ಲಿ, ಅವರು ತೀರಿಕೊಳ್ಳುವುದಕ್ಕೆ ಎರಡು ವರ್ಷ ಮೊದಲು. 1779ರಲ್ಲಿ ಹೈದರಾಲಿಗೆ ದುರ್ಗ ಸೋತಿತು, ಮದಕರಿನಾಯಕನ ಆಳ್ವಿಕೆ ಮುಗಿಯಿತು ಎಂಬುದು ಕಾದಂಬರಿ ತೆರೆಯುವ ಮೊದಲೇ ಓದುಗರಿಗೆ ಗೊತ್ತು. ಹೆಸರಿನಲ್ಲೇ ಕೊನೆ ಇದೆ. ಆದರೂ ಜನ ಓದಿದರು, ಈಗಲೂ ಓದುತ್ತಿದ್ದಾರೆ. ಮುಂದೇನಾಗುತ್ತದೆ ಎಂಬ ಕುತೂಹಲವನ್ನು ಕಳೆದುಕೊಂಡ ಮೇಲೂ, ಹೇಗಾಯಿತು, ಯಾರ ಯಾವ ನಡೆಯಿಂದ ಆಯಿತು, ಅಲ್ಲಿ ಇದ್ದವರಿಗೆ ಅದು ಯಾವಾಗ ಅರ್ಥವಾಯಿತು ಎಂಬುದು ಉಳಿಯುತ್ತದೆ.

ನಿಮ್ಮ ಕೊನೆಯ ಅಧ್ಯಾಯವನ್ನು ಪರೀಕ್ಷಿಸಲು ಇದೇ ದಾರಿ. ಮನೆಯವರೊಬ್ಬರಿಗೆ ಕೊನೆಯಲ್ಲಿ ಏನಾಗುತ್ತದೆ ಎಂದು ಮೊದಲೇ ಹೇಳಿ, ಆಮೇಲೆ ಕಾದಂಬರಿ ಓದಲು ಕೊಡಿ. ತೋಪು ಮಾರಾಟವಾಗುತ್ತದೆ ಎಂದು ಗೊತ್ತಿದ್ದೂ ಅವರು ಓದಿದರೆ ಕಟ್ಟಡ ಗಟ್ಟಿಯಿದೆ. ಗುಟ್ಟೊಂದನ್ನು ಮುಚ್ಚಿಟ್ಟ ಬಲದಿಂದಲೇ ಕತೆ ನಿಂತಿದ್ದರೆ ಆ ಗುಟ್ಟು ಹೊರಬಿದ್ದ ಕ್ಷಣ ಉಳಿದ ಪುಟಗಳು ಬಿದ್ದುಹೋಗುತ್ತವೆ. ಪತ್ತೇದಾರಿ ಕಾದಂಬರಿಗೆ ಈ ಮಾತು ಅನ್ವಯಿಸದು. ಅದರ ನಿಯಮವೇ ಬೇರೆ.

ಧಾರಾವಾಹಿಯಾಗಿ ಬಂದದ್ದನ್ನು ಪುಸ್ತಕ ಮಾಡುವವರಿಗೆ ಇನ್ನೊಂದು ಸೂಚನೆ. 'ಸುಧಾ', 'ತರಂಗ'ದಂಥ ವಾರಪತ್ರಿಕೆಗಳು ನಮ್ಮಲ್ಲಿ ಒಂದು ತಲೆಮಾರನ್ನೇ ಕಾದಂಬರಿ ಓದಿಗೆ ಹಚ್ಚಿದವು. ವಾರಕ್ಕೊಂದು ಕಂತು ಬರೆಯುವಾಗ ಪ್ರತಿ ಕಂತಿನ ಕೊನೆಗೆ ಒಂದು ಕೊಕ್ಕೆ, ಮುಂದಿನದರ ಶುರುವಿಗೆ ಹಿಂದಿನದರ ನೆನಪು ಬೇಕಾಗುತ್ತದೆ. ಪುಸ್ತಕದಲ್ಲಿ ಎರಡೂ ಕಾಲಿಗೆ ತೊಡರುತ್ತವೆ. ಎಲ್ಲವನ್ನೂ ಕಿತ್ತುಹಾಕಿ.

ಯಾರ ಬಾಯಲ್ಲಿ ಯಾವ ಮಾತು

ಕಟ್ಟಡ ನಿಂತ ಮೇಲೆ ಭಾಷೆಗೆ ಬನ್ನಿ. ನಮ್ಮ ಸೀಮೆಯ ಕಾದಂಬರಿಗಳು ಸೋಲುವುದು, ಗೆಲ್ಲುವುದು ಹೆಚ್ಚಾಗಿ ಇಲ್ಲೇ. ಹಾಗಾಗಿ ಇಲ್ಲಿ ಅವಸರ ಮಾಡಬೇಡಿ.

ಕೊರಟಗೆರೆ, ಮಧುಗಿರಿಯ ಹಳ್ಳಿಗಳಲ್ಲಿ 'ಬತ್ತೀನಿ', 'ಐತೆ', 'ಬಂದವ್ನೆ', 'ಅಂಗಲ್ಲ ಕಣಪ್ಪ' ಎನ್ನುತ್ತಾರೆ. ಪಾವಗಡದಲ್ಲಿ, ಮಧುಗಿರಿಯ ಗಡಿ ಹಳ್ಳಿಗಳಲ್ಲಿ ಮನೆಯೊಳಗೆ ತೆಲುಗು, ಹೊರಗೆ ಕನ್ನಡ ಆಡುವ ಕುಟುಂಬಗಳಿವೆ. ಕಾದಂಬರಿಕಾರರು ಮೊದಲ ಕರಡಿನಲ್ಲಿ ಇದನ್ನೆಲ್ಲ ಕಿವಿಯ ಮೇಲೆ ನಂಬಿಕೆಯಿಟ್ಟು ಬರೆದಿರುತ್ತಾರೆ. ಹಾಗೆ ಬರೆದದ್ದು ಒಳ್ಳೆಯದೇ. ಆದರೆ ಮೂರನೆಯ ಅಧ್ಯಾಯದಲ್ಲಿ 'ಬತ್ತೀನಿ' ಎಂದ ತಿಮ್ಮಕ್ಕ ಹದಿನೇಳರಲ್ಲಿ 'ಬರ್ತೀನಿ' ಎನ್ನುತ್ತಾಳೆ, ಕೊನೆಗೆ ಸಾಯುವ ಹೊತ್ತಿಗೆ ಪಠ್ಯಪುಸ್ತಕದಂತೆ 'ಬರುತ್ತೇನೆ' ಎಂದುಬಿಡುತ್ತಾಳೆ. ಭಾವ ಹೆಚ್ಚಿದಾಗ ಬರೆಯುವವರ ಕೈ ಶಿಷ್ಟ ಕನ್ನಡಕ್ಕೆ ಜಾರುತ್ತದೆ. ತಿದ್ದುವಾಗ ಅತಿ ಮುಖ್ಯ ದೃಶ್ಯಗಳನ್ನೇ ಮೊದಲು ಹುಡುಕಿ ನೋಡಿ, ಜಾರಿರುವುದು ಅಲ್ಲೇ.

ಇದಕ್ಕೊಂದು ಪದಪಟ್ಟಿ ಬೇಕು. ಪ್ರತಿ ಪಾತ್ರಕ್ಕೂ ಒಂದು ಪುಟ. ತಿಮ್ಮಕ್ಕ 'ಇಲ್ಲ' ಎನ್ನುವುದು ಹೇಗೆ? ಮಗನನ್ನು 'ಮಗಾ' ಎನ್ನುತ್ತಾಳೋ 'ಲೋ' ಎನ್ನುತ್ತಾಳೋ, ಸಿಟ್ಟು ಬಂದಾಗ ಯಾವುದು? ಗಂಡನ ಹೆಸರು ಹೇಳುತ್ತಾಳೋ, 'ನಮ್ಮೋರು' ಎನ್ನುತ್ತಾಳೋ? ಪೀಣ್ಯಕ್ಕೆ ಹೋದ ಅಣ್ಣನ ಮಾತಿನಲ್ಲಿ 'ಶಿಫ್ಟು', 'ಓಟಿ', 'ಪಿಎಫ್' ಸೇರಿಕೊಂಡಿರುತ್ತದೆ. ಅವನು ಊರಿಗೆ ಬಂದ ಮೊದಲ ದಿನ 'ಹೋಗ್ತೀನಿ' ಎಂದು, ಮೂರನೆಯ ದಿನ ತಮ್ಮನ ಜೊತೆ ಕೂಗಾಡುವಾಗ 'ಓಯ್ತಿನಿ' ಎಂದರೆ ಅದು ಅರ್ಥವಿರುವ ವ್ಯತ್ಯಾಸ. ಅದನ್ನು ಬೇಕೆಂದೇ ಮಾಡಿದ್ದೀರಿ ಎಂಬುದು ನಿಮಗೆ ತಿಳಿದಿರಬೇಕು, ಅಚ್ಚಿನ ಮನೆಯಲ್ಲಿ ಕರಡು ತಿದ್ದುವವರಿಗೂ ತಿಳಿದಿರಬೇಕು. ಇಲ್ಲದಿದ್ದರೆ ಅವರು ತಪ್ಪೆಂದು ತಿಳಿದು ಒಂದೇ ರೂಪಕ್ಕೆ ತಂದುಬಿಡುತ್ತಾರೆ. ಪದಪಟ್ಟಿಯ ಪ್ರತಿಯನ್ನು ಹಸ್ತಪ್ರತಿಯ ಜೊತೆಗೇ ಕಳಿಸಿ.

ಒಂದೇ ಮನೆಯ ಇಬ್ಬರ ಮಾತು ಬೇರೆಬೇರೆಯಾಗಿ ಕೇಳಿಸುವುದು ಹೇಗೆ ಎಂದು ತಿಳಿಯಬೇಕಾದರೆ ಎಸ್.ಎಲ್. ಭೈರಪ್ಪನವರ 'ಗೃಹಭಂಗ' ತೆರೆದು ನೋಡಿ. 1970ರಲ್ಲಿ ಬಂದ ಈ ಕಾದಂಬರಿಯ ಸೀಮೆ ನಮಗೆ ದೂರದ್ದಲ್ಲ. ಅತ್ತೆ ಗಂಗಮ್ಮನ ಬಾಯಲ್ಲಿ ಬೈಗುಳವೇ ಉಸಿರು. ಸೊಸೆ ನಂಜಮ್ಮ ಎಣಿಸಿ ಮಾತಾಡುವವಳು. ಹೆಸರು ಮುಚ್ಚಿ ಓದಿದರೂ ಯಾವ ಮಾತು ಯಾರದೆಂದು ತಿಳಿಯುತ್ತದೆ. ನಿಮ್ಮ ಹಸ್ತಪ್ರತಿಯಲ್ಲೂ ಈ ಪರೀಕ್ಷೆ ಮಾಡಬಹುದು: ಒಂದು ದೀರ್ಘ ಸಂಭಾಷಣೆಯಲ್ಲಿ 'ಎಂದನು', 'ಎಂದಳು'ಗಳನ್ನೆಲ್ಲ ಅಳಿಸಿ ಓದಿ. ಯಾರು ಮಾತಾಡುತ್ತಿದ್ದಾರೆಂದು ಗೊತ್ತಾಗದಿದ್ದರೆ ಆ ಸಂಭಾಷಣೆಯನ್ನು ಮತ್ತೆ ಬರೆಯಬೇಕು. ಇಡೀ ಕಾದಂಬರಿಯನ್ನು ಆಡುಮಾತಿನಲ್ಲೇ ನಡೆಸಬಹುದೇ ಎಂದು ಕೇಳುವವರಿಗೆ ದೇವನೂರ ಮಹಾದೇವ ಅವರ 'ಕುಸುಮಬಾಲೆ' ಇದೆ. ನಂಜನಗೂಡು ಸೀಮೆಯ ಮಾತಿನ ಜೀವವನ್ನೇ ಮೈಗೂಡಿಸಿಕೊಂಡ ಆ ಪುಟ್ಟ ಕಾದಂಬರಿಗೆ 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದರ ಒಂದು ಪುಟದಲ್ಲೂ ಅಜಾಗರೂಕತೆಯಿಂದ ಕೂತ ಮಾತು ನನಗೆ ಕಂಡಿಲ್ಲ. ಆಡುಮಾತು ಸಲೀಸಾಗಿ ಬರುತ್ತದೆ ಎಂದು ಅದನ್ನು ಆರಿಸಿಕೊಳ್ಳುವವರು ಮೊದಲು ಆ ಪುಸ್ತಕವನ್ನು ನಿಧಾನವಾಗಿ ಓದಬೇಕು.

ಹೆಸರುಗಳ ವಿಷಯ. ಮನೆದೇವರ ಹೆಸರನ್ನೇ ಮನೆಮಂದಿಗೆಲ್ಲ ಇಡುವ ರೂಢಿ ನಮ್ಮಲ್ಲಿದೆ. ಹನುಮಂತರಾಯಪ್ಪ, ಹನುಮಂತಪ್ಪ, ಹನುಮಯ್ಯ, ಹನುಮಕ್ಕ ಒಂದೇ ಬೀದಿಯಲ್ಲಿರುತ್ತಾರೆ. ಬದುಕಿಗೆ ಇದು ನಿಜ, ಓದಿಗೆ ಮಾತ್ರ ಗೋಜಲು. ಊರಿನವರೇ ಇದಕ್ಕೆ ಪರಿಹಾರ ಕಂಡುಕೊಂಡಿದ್ದಾರೆ: ಮೇಲ್ಮನೆ ಹನುಮಂತಪ್ಪ, ಗಿರಣಿ ಹನುಮಂತಪ್ಪ, ಕೋಳಿ ಹನುಮಕ್ಕ. ಅಡ್ಡಹೆಸರು ಕೊಡಿ, ಇಲ್ಲವೇ ಮುಖ್ಯ ಪಾತ್ರಗಳ ಹೆಸರಿನ ಮೊದಲ ಅಕ್ಷರ ಒಂದೇ ಆಗದಂತೆ ಬದಲಿಸಿ. ಎರಡು ಪುಟಕ್ಕೊಮ್ಮೆ ಹಿಂದೆ ತಿರುವಿ ನೋಡುವ ಓದುಗರು ಮೂರನೆಯ ಸಲ ತಿರುವುವುದಿಲ್ಲ.

ಬಾಯಿಬಿಟ್ಟು ಓದಿ

ಶಿರಾ ಸೀಮೆಯ ಕಾಡುಗೊಲ್ಲರು ತಮ್ಮ ದೈವವಾದ ಜುಂಜಪ್ಪನ ಕತೆಯನ್ನು ಗಣೆ ಎಂಬ ಕೊಳಲಿನ ನಾದದೊಂದಿಗೆ ಹಾಡುತ್ತಾ ಬಂದಿದ್ದಾರೆ. ರಾತ್ರಿಯಿಡೀ ಕೇಳುವ ಜನರೆದುರು ಹಾಡುವ ಕಾವ್ಯ ಅದು. ಕೂತವರು ತೂಕಡಿಸಿದರೆ ಹಾಡುವವರಿಗೆ ಅಲ್ಲೇ ಗೊತ್ತಾಗುತ್ತದೆ. ಎಲ್ಲಿ ಹಿಗ್ಗಿಸಬೇಕು, ಎಲ್ಲಿ ಹಾರಿಸಬೇಕು ಎಂಬುದನ್ನು ಕೇಳುವ ಮುಖಗಳೇ ಕಲಿಸುತ್ತವೆ. ಬರೆಯುವವರಿಗೆ ಆ ಮುಖಗಳಿಲ್ಲ. ಆದ್ದರಿಂದ ನಾವೇ ಅವನ್ನು ತಂದುಕೊಳ್ಳಬೇಕು.

ಕಾದಂಬರಿಯನ್ನು ಪೂರ್ತಿಯಾಗಿ, ಗಟ್ಟಿಯಾಗಿ, ಕನಿಷ್ಠ ಒಮ್ಮೆ ಓದಿ. ದಿನಕ್ಕೊಂದು ಅಧ್ಯಾಯ. ಮನೆಯಲ್ಲಿ ಕೇಳುವವರಿದ್ದರೆ ಉತ್ತಮ, ಇಲ್ಲದಿದ್ದರೆ ಮೊಬೈಲಿನಲ್ಲಿ ಧ್ವನಿಮುದ್ರಿಸಿ ಮರುದಿನ ಹೊಲಕ್ಕೆ ಹೋಗುವಾಗಲೋ ಬಸ್ಸಿನಲ್ಲೋ ಕೇಳಿ. ಉಸಿರು ಕಟ್ಟಿದ ವಾಕ್ಯ ಉದ್ದವಾಯಿತು. ಓದುವಾಗ ಬಾಯಿ ತಾನಾಗಿಯೇ ಬೇರೆ ಪದ ಹೇಳಿದರೆ ಆ ಪದವೇ ಸರಿ ಇರಬಹುದು, ಬರೆದುಕೊಳ್ಳಿ. ಒಂದು ಪುಟದಲ್ಲಿ 'ಆದರೆ', 'ಹೀಗಾಗಿ', 'ಒಂದು ರೀತಿಯ' ಎಷ್ಟು ಸಲ ಬಂತೆಂದು ಕಿವಿ ಹೇಳುತ್ತದೆ, ಕಣ್ಣು ಹೇಳುವುದಿಲ್ಲ.

ಯಾರಿಗೆ ಕೊಡಬೇಕು, ಏನು ಕೇಳಬೇಕು

ಮೂರು ಜನ ಸಾಕು. ಒಬ್ಬರು ಆ ಮಣ್ಣಿನ ಬದುಕು ಬಲ್ಲವರು. ಒಬ್ಬರು ಕಾದಂಬರಿಗಳನ್ನು ಓದುತ್ತಲೇ ಇರುವವರು. ಇನ್ನೊಬ್ಬರಿಗೆ ಕೊಳಾಲವೂ ಗೊತ್ತಿರಬಾರದು, ನೀವೂ ಅಷ್ಟಾಗಿ ಗೊತ್ತಿರಬಾರದು. ಧಾರವಾಡದವರೋ ಮಂಗಳೂರಿನವರೋ ಆದರೆ ನಮ್ಮ ಆಡುಮಾತು ಹೊರಗಿನವರಿಗೆ ಎಲ್ಲಿ ದಾರಿ ಕೊಡುತ್ತದೆ, ಎಲ್ಲಿ ಬಾಗಿಲು ಹಾಕುತ್ತದೆ ಎಂದು ತಿಳಿಯುತ್ತದೆ.

'ಹೇಗಿದೆ?' ಎಂದು ಕೇಳಿದರೆ 'ಚೆನ್ನಾಗಿದೆ' ಎಂಬ ಉತ್ತರವೇ ಬರುವುದು. ನಮ್ಮ ಜನ ಮುಖ ಮುರಿಯುವವರಲ್ಲ. ಬೇರೆ ಪ್ರಶ್ನೆ ಕೇಳಿ. ಯಾವ ಪುಟದಲ್ಲಿ ಪುಸ್ತಕ ಕೆಳಗಿಟ್ಟಿರಿ? ಯಾರನ್ನು ಮರೆತಿರಿ? ಎಲ್ಲಿ ಎರಡು ಸಲ ಓದಬೇಕಾಯಿತು? ತೋಪು ಮಾರಿದ್ದು ಸರಿಯೇ? ಕೊನೆಯ ಪ್ರಶ್ನೆಗೆ ಅವರು ನಿಮ್ಮೊಡನೆ ವಾದಕ್ಕೆ ನಿಂತರೆ ಪಾತ್ರಗಳು ಬದುಕಿವೆ. ಅವರು ಹೇಳುವ ಪರಿಹಾರಗಳನ್ನು ಒಪ್ಪಬೇಕಿಲ್ಲ. ಇಬ್ಬರು ಒಂದೇ ಜಾಗದಲ್ಲಿ ಎಡವಿದ್ದಾರೆ ಎಂದರೆ ಆ ಜಾಗದಲ್ಲಿ ಕಲ್ಲಿದೆ. ಅದನ್ನು ಎತ್ತುವ ಬಗೆ ನಿಮಗೆ ಬಿಟ್ಟದ್ದು.

ಸರಿಯಾದ ಓದುಗ ಸಿಕ್ಕಿದರೆ ಏನಾಗಬಹುದು ಎಂಬುದಕ್ಕೆ ಮೈಸೂರಿನ ಆರ್.ಕೆ. ನಾರಾಯಣ್ ಅವರ ಮೊದಲ ಕಾದಂಬರಿ ಸಾಕ್ಷಿ. ಪ್ರಕಾಶಕರಿಂದ ಮತ್ತೆ ಮತ್ತೆ ಹಿಂದಿರುಗಿದ ಹಸ್ತಪ್ರತಿಗೆ ಕಲ್ಲು ಕಟ್ಟಿ ಥೇಮ್ಸ್ ನದಿಗೆ ಎಸೆದುಬಿಡು ಎಂದು ಅವರು ಆಕ್ಸ್‌ಫರ್ಡಿನಲ್ಲಿದ್ದ ಗೆಳೆಯ ಪೂರ್ಣ ಅವರಿಗೆ ಬರೆದಿದ್ದರು. ಗೆಳೆಯ ಎಸೆಯಲಿಲ್ಲ, ಗ್ರಹಾಂ ಗ್ರೀನ್ ಅವರ ಕೈಗೆ ಕೊಟ್ಟರು. ಗ್ರೀನ್ ಓದಿ ಮೆಚ್ಚಿ ಪ್ರಕಾಶಕರನ್ನು ಹುಡುಕಿದರು, ಹೆಸರನ್ನೂ ಬದಲಿಸಲು ಸೂಚಿಸಿದರು. 'ಸ್ವಾಮಿ ಅಂಡ್ ಫ್ರೆಂಡ್ಸ್' 1935ರಲ್ಲಿ ಹೊರಬಂತು. ಹಿಂದಿರುಗಿ ಬಂದ ಹಸ್ತಪ್ರತಿ ಕೆಟ್ಟದ್ದೇ ಆಗಿರಬೇಕಿಲ್ಲ. ಹಾಗಾಗಿ ಪ್ರಕಾಶಕರೊಬ್ಬರು ಬೇಡವೆಂದ ಮಾತ್ರಕ್ಕೆ ಮತ್ತೊಂದು ಸುತ್ತು ತಿದ್ದಲು ಕೂರಬೇಡಿ. ಅವರು ಕಾರಣ ಹೇಳಿ, ಆ ಕಾರಣ ನಿಮ್ಮ ಮನಸ್ಸಿಗೆ ಚುಚ್ಚಿದರೆ ಮಾತ್ರ ಕೂರಿ.

ಮುಗಿಯಿತು ಎನ್ನುವುದು ಯಾವಾಗ

ಇದಕ್ಕೆ ಎಲ್ಲರಿಗೂ ಹೊಂದುವ ಲೆಕ್ಕವಿಲ್ಲ. ಶಿವರಾಮ ಕಾರಂತರು ನಲವತ್ತಕ್ಕೂ ಹೆಚ್ಚು ಕಾದಂಬರಿ ಬರೆದರು. ತಲೆಯಲ್ಲಿ ಪಕ್ವವಾದದ್ದನ್ನು ವೇಗವಾಗಿ ಹಾಳೆಗಿಳಿಸುವ ಜಾಯಮಾನ ಅವರದು. ಚದುರಂಗರ ದಾರಿ ಬೇರೆ. 'ಸರ್ವಮಂಗಳಾ' 1950ರಲ್ಲಿ, 'ಉಯ್ಯಾಲೆ' 1960ರಲ್ಲಿ, 'ವೈಶಾಖ' 1981ರಲ್ಲಿ. ಕುವೆಂಪು ಅವರ ಎರಡು ಕಾದಂಬರಿಗಳ ನಡುವೆ, 1936ರ 'ಕಾನೂರು ಹೆಗ್ಗಡಿತಿ'ಗೂ 1967ರ 'ಮಲೆಗಳಲ್ಲಿ ಮದುಮಗಳು' ಕೃತಿಗೂ ನಡುವೆ ಮೂವತ್ತೊಂದು ವರ್ಷ. ಅರ್ನೆಸ್ಟ್ ಹೆಮಿಂಗ್ವೇ 'ಎ ಫೇರ್‌ವೆಲ್ ಟು ಆರ್ಮ್ಸ್' ಕಾದಂಬರಿಯ ಕೊನೆಯ ಪುಟವನ್ನು 39 ಸಲ ತಿದ್ದಿ ಬರೆದೆನೆಂದು ಹೇಳಿಕೊಂಡರು; 2012ರಲ್ಲಿ ಬಂದ ಆವೃತ್ತಿಯಲ್ಲಿ ಅವರ ಕಾಗದಪತ್ರಗಳಿಂದ ಆಯ್ದ 47 ಕೊನೆಗಳನ್ನು ಕೊಟ್ಟಿದ್ದಾರೆ. ವೇಗವಾಗಿ ಮುಗಿದದ್ದು ಹಗುರ, ತಡವಾಗಿ ಮುಗಿದದ್ದು ಘನ ಎಂದು ಇವರನ್ನು ನೋಡಿ ಯಾರೂ ಹೇಳಲಾರರು.

ಆದರೆ ಗುರುತುಗಳಿವೆ. ನಾನು ಅವುಗಳನ್ನೇ ನಂಬುತ್ತೇನೆ.

ಮೊದಲನೆಯದು, ನಿಮ್ಮ ತಿದ್ದುಪಡಿಗಳು ಎಲ್ಲಿ ಬೀಳುತ್ತಿವೆ ಎಂಬುದು. ಮೊದಲ ಸುತ್ತಿನಲ್ಲಿ ಅಧ್ಯಾಯಗಳು ಜಾಗ ಬದಲಿಸುತ್ತವೆ. ಎರಡನೆಯದರಲ್ಲಿ ದೃಶ್ಯಗಳು. ಆಮೇಲೆ ಮಾತುಗಳು, ಕೊನೆಗೆ ಪದಗಳು. ಸುತ್ತಿನಿಂದ ಸುತ್ತಿಗೆ ಕೆಲಸ ಸಣ್ಣದಾಗುತ್ತಾ ಬಂದರೆ ದಾರಿ ಸರಿಯಿದೆ. ಐದನೆಯ ಸುತ್ತಿನಲ್ಲೂ ಅಣ್ಣನನ್ನು ಒಳ್ಳೆಯವನು ಮಾಡಲೋ ಕೆಟ್ಟವನು ಮಾಡಲೋ ಎಂದು ತೂಗುತ್ತಿದ್ದರೆ ಕಾದಂಬರಿ ಮುಗಿದಿಲ್ಲ. ಆಗ ತಿದ್ದುವುದನ್ನು ನಿಲ್ಲಿಸಿ, ಅವನ ಬಗ್ಗೆ ಹಸ್ತಪ್ರತಿಯ ಹೊರಗೆ, ಬೇರೆ ನೋಟ್‌ಬುಕ್ಕಿನಲ್ಲಿ ಬರೆದು ತಿಳಿದುಕೊಳ್ಳಬೇಕು.

ಎರಡನೆಯದು, ವಾಪಸು ಬರುವ ಪದಗಳು. 'ಸಂಜೆ'ಯನ್ನು 'ಇಳಿಹೊತ್ತು' ಮಾಡಿದ್ದಿರಿ, ಈಗ ಮತ್ತೆ 'ಸಂಜೆ' ಮಾಡುತ್ತಿದ್ದೀರಿ. ಹೊಡೆದುಹಾಕಿದ ಪ್ಯಾರಾವನ್ನು ಮತ್ತೆ ತಂದು ಕೂರಿಸುತ್ತಿದ್ದೀರಿ. ಇಂಥವು ಒಂದೇ ಅಧ್ಯಾಯದಲ್ಲಿ ನಾಲ್ಕೈದು ಕಂಡರೆ ಪೆನ್ನು ಕೆಳಗಿಡಿ. ಇದನ್ನು ತಿಳಿಯಲು ಹಳೆಯ ಪ್ರತಿಗಳು ಬೇಕು. ಕಂಪ್ಯೂಟರಿನಲ್ಲಾದರೆ ಪ್ರತಿ ಸುತ್ತನ್ನೂ ತಾರೀಖು ಹಾಕಿದ ಬೇರೆ ಕಡತವಾಗಿ ಉಳಿಸಿ.

ಮೂರನೆಯ ಗುರುತು ಸ್ವಲ್ಪ ನೋವಿನದು. ಹಸ್ತಪ್ರತಿ ಓದುತ್ತಾ ನಿಮಗೆ ಹೊಳೆಯುವುದೆಲ್ಲ ಒಳ್ಳೆಯ ವಿಚಾರಗಳೇ, ಆದರೆ ಅವು ಈ ಮನೆಯವಲ್ಲ. ತಿಮ್ಮಕ್ಕನ ಮಗಳು ಸೌರ ಫಲಕಗಳ ನಡುವಿನ ಊರಿನಲ್ಲಿ ಒಬ್ಬಳೇ ಬದುಕುವ ಬಗೆಯೇ ಒಂದು ದೊಡ್ಡ ಕತೆ ಅನ್ನಿಸತೊಡಗುತ್ತದೆ. ಅದನ್ನು ಇಲ್ಲೇ ತುರುಕಲು ಕೈ ತವಕಿಸುತ್ತದೆ. ಬೇಡ. ಅದು ಮುಂದಿನ ಕಾದಂಬರಿ. ನೀವು ಇದನ್ನು ಬರೆಯಲು ಕೂತಾಗ ಇದ್ದ ವ್ಯಕ್ತಿಯಾಗಿ ಈಗ ಉಳಿದಿಲ್ಲ; ಈ ಪುಸ್ತಕ ಆ ವ್ಯಕ್ತಿಯದು, ಅವರಿಗೆ ಅದನ್ನು ಮುಗಿಸಿಕೊಡಿ.

ಭಯದಿಂದ ತಿದ್ದುವುದು ಬೇರೆ, ಕಂಡು ತಿದ್ದುವುದು ಬೇರೆ. 'ಊರಿನವರು ಏನೆಂದಾರು', 'ವಿಮರ್ಶಕರು ಹಳೆಯ ಶೈಲಿ ಎಂದಾರು' ಎಂದು ಸಾಲು ತೆಗೆಯುತ್ತಿದ್ದರೆ ಅಲ್ಲಿ ಪುಸ್ತಕಕ್ಕೆ ಏನೂ ಆಗುತ್ತಿಲ್ಲ. ಊರಿನ ನಿಜವಾದ ಮನೆತನವೊಂದನ್ನು ಗುರುತು ಹಿಡಿಯುವಂತೆ ಬರೆದಿದ್ದರೆ ಮಾತ್ರ ಆ ಭಯಕ್ಕೆ ಕಿವಿಗೊಡಬೇಕು. ಅಂಥ ಹೆಸರು, ಸ್ಥಳ, ಸಂಬಂಧಗಳನ್ನು ಈ ಹಂತದಲ್ಲೇ ಬದಲಿಸಿ, ಅಚ್ಚಾದ ಮೇಲೆ ದಾರಿಯಿಲ್ಲ.

ಅಚ್ಚಿನ ಮನೆಯ ದಾರಿ

ಬೆರಳಚ್ಚು ಮಾಡಿಸುವಾಗ ಪ್ರಕಾಶಕರಿಗೆ ಯಾವುದು ಬೇಕೆಂದು ಮೊದಲೇ ಕೇಳಿ: ನುಡಿಯಲ್ಲೋ, ಯೂನಿಕೋಡಿನಲ್ಲೋ. ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸುವಾಗ ಒತ್ತಕ್ಷರಗಳು, ಅರ್ಕಾವೊತ್ತು, ಉದ್ಧರಣ ಚಿಹ್ನೆಗಳು ಕೆಡುವುದುಂಟು. ಪರಿವರ್ತನೆಯ ನಂತರ ಒಮ್ಮೆ ಪೂರ್ತಿ ಓದದೆ ಕಡತ ಕಳಿಸಬೇಡಿ. 'ಓಯ್ತಿನಿ', 'ಬಂದವ್ನೆ'ಗಳನ್ನು ಬೆರಳಚ್ಚು ಮಾಡುವವರು ಒಳ್ಳೆಯ ಮನಸ್ಸಿನಿಂದಲೇ ತಿದ್ದಿರುತ್ತಾರೆ, ಅದನ್ನೂ ನೋಡಿ.

ಪುಸ್ತಕದ ವೆಚ್ಚ ಫಾರಂ ಲೆಕ್ಕದಲ್ಲಿ ಹೋಗುತ್ತದೆ, ಒಂದು ಫಾರಂ ಎಂದರೆ 16 ಪುಟ. ಪುಟ ವಿನ್ಯಾಸವಾದ ಮೇಲೆ 208 ಪುಟ ಬಂದರೆ ಸರಿಯಾಗಿ 13 ಫಾರಂ. 211 ಆದರೆ ಮೂರು ಪುಟಕ್ಕಾಗಿ ಇನ್ನೊಂದು ಫಾರಂ ತೆರೆಯಬೇಕು ಅಥವಾ ಮೂರು ಪುಟ ಕಡಿಮೆ ಮಾಡಿ ಎಂದು ಪ್ರಕಾಶಕರು ಕೇಳಬಹುದು. ಎಲ್ಲಿ ತೆಗೆಯಬಹುದೆಂದು ಮೊದಲೇ ಯೋಚಿಸಿಟ್ಟುಕೊಂಡಿದ್ದರೆ ಆಗ ತಬ್ಬಿಬ್ಬಾಗುವುದಿಲ್ಲ. ಮೊದಲ ಪುಸ್ತಕದ ಯುವ ಬರಹಗಾರರಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನ ಯೋಜನೆಯಿದೆ; ವಯಸ್ಸಿನ ಮಿತಿ, ಕೊನೆಯ ದಿನಾಂಕಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಿಕೊಳ್ಳಿ.

ಕರಡು ಬಂದಾಗ ಎರಡು ಸಲ ಓದಿ: ಒಮ್ಮೆ ನೀವು, ಒಮ್ಮೆ ಕಾದಂಬರಿಯನ್ನು ಹಿಂದೆ ಓದಿರದ ಇನ್ನೊಬ್ಬರು. ಈ ಹಂತದಲ್ಲಿ ತಪ್ಪು ತಿದ್ದಬೇಕೇ ಹೊರತು ವಾಕ್ಯ ಚಂದಗಾಣಿಸಬಾರದು. ಒಂದು ಸಾಲು ಸೇರಿಸಿದರೆ ಮುಂದಿನ ಹತ್ತು ಪುಟ ಸರಿಯುತ್ತವೆ, ಹೊಸ ತಪ್ಪುಗಳು ಹುಟ್ಟುತ್ತವೆ. ಅಧ್ಯಾಯದ ಸಂಖ್ಯೆ, ಪುಟದ ಸಂಖ್ಯೆ, ಅರಿಕೆಯಲ್ಲಿನ ಹೆಸರುಗಳು, ಬೆನ್ನುಡಿ, ರಟ್ಟಿನ ಮೇಲಿನ ಶೀರ್ಷಿಕೆ, ಇವನ್ನು ಎಲ್ಲರೂ ಬೇರೆ ಯಾರೋ ನೋಡಿರುತ್ತಾರೆಂದು ಬಿಟ್ಟಿರುತ್ತಾರೆ. ಪುಸ್ತಕ ಕೈಗೆ ಬಂದ ದಿನ ಒಂದು ಪ್ರತಿಯ ಮೇಲೆ 'ತಿದ್ದುಪಡಿ ಪ್ರತಿ' ಎಂದು ಬರೆದು ಪಕ್ಕಕ್ಕಿಡಿ. ಕಣ್ಣಿಗೆ ಬಿದ್ದ, ಓದುಗರು ಬರೆದು ತಿಳಿಸಿದ ಪ್ರತಿ ತಪ್ಪನ್ನೂ ಅದರಲ್ಲೇ ಗುರುತು ಮಾಡುತ್ತಾ ಹೋಗಿ. ಮರುಮುದ್ರಣದ ಮಾತು ಬಂದಾಗ ಪ್ರಕಾಶಕರು ಕೇಳುವುದು ಆ ಪ್ರತಿಯನ್ನೇ.